ಮೀನು ಸತ್ತಿದ್ದು ಬಿಸಿಲಿಗಂತೆ!

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಕೆರೆಯಲ್ಲಿ ಮೀನು ಸತ್ತ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೊ ಚೆನ್ನಾಗಿದೆ. ಅದರ ಕೆಳಗೆ ‘ಬಿಸಿಲಿನ ತಾಪಕ್ಕೆ ಸತ್ತಿವೆ, ಆತಂಕ ಬೇಡ’ ಅಂತ ಅಧಿಕಾರಿಯ ಮಾತೂ ಇದೆ. ಅದನ್ನು ಓದಿ ಬೆಳಗಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ. ವಾಸನೆಗೆ ಮೊದಲೇ ಇಳಿಯುತ್ತಿರಲಿಲ್ಲ, ಆ ಮಾತು ಬೇರೆ.

ಬಿಸಿಲಂತೆ! ರಾಯಚೂರಿಗೆ ಬಿಸಿಲು ಹೋದ ವಾರ ಬಂತಾ? ನಾನು ಕಣ್ಣು ಬಿಟ್ಟಾಗಿನಿಂದ ಮೇ ತಿಂಗಳು ಇಲ್ಲಿ ಹೀಗೇ ಉರಿಯುತ್ತಿದೆ. ಆಗೆಲ್ಲ ಕೆರೆಯಲ್ಲಿ ಮೀನು ಬದುಕೇ ಇದ್ದವು.

ನಾಲ್ಕು ದಿನದಿಂದ ಮನೆಯ ಕಿಟಕಿ ತೆಗೆದಿಲ್ಲ. ಕೂಲರ್ ಹಾಕಿದರೆ ಅದು ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಅಂದರೆ ಮನೆ ತುಂಬ ಕೊಳೆತ ಮೀನಿನ ತಣ್ಣನೆ ಗಾಳಿ, ಜೊತೆಗೆ ಕರೆಂಟ್ ಬಿಲ್. ಲಿಂಗಸುಗೂರಿನಿಂದ ಬಂದ ಬೀಗರು ಊಟಕ್ಕೂ ಕೂರದೆ ಸಂಜೆ ಬಸ್ಸಿಗೇ ಹೊರಟರು. ಮೊಮ್ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಕೆರೆ ಏರಿ ಮೇಲಿನ ವಾಕಿಂಗ್ ನಿಂತು ನನ್ನ ಶುಗರ್ 260ಕ್ಕೆ ಹೋಗಿದೆ.

ಈಗ ಮೀನಿನ ವಿಷಯಕ್ಕೆ ಬರುತ್ತೇನೆ. ನಾನು 31 ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು. ಭಾನುವಾರ ನಸುಕಿನಲ್ಲಿ ಐದೂವರೆಗೆ ಏರಿ ಮೇಲೆ ನಿಂತು ಕಣ್ಣಾರೆ ನೋಡಿದ್ದೇನೆ. ನೀರು ಹಸಿರು ಪೇಂಟಿನ ಡಬ್ಬಿ ಮಗುಚಿದ ಹಾಗಿತ್ತು. ಕಟ್ಲಾ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ಎಂಟು ಗಂಟೆಯ ಹೊತ್ತಿಗೆ ದಡದುದ್ದಕ್ಕೂ ಬಿಳಿ ಹೊಟ್ಟೆಗಳು. ಅದೇ ನೀರಲ್ಲಿ ಒಂದು ಕೊರಮೀನು ಮಾತ್ರ ಆರಾಮಾಗಿ ಮೇಲೆ ಬಂತು, ಒಂದು ಗುಟುಕು ಗಾಳಿ ಎಳೆದುಕೊಂಡಿತು, ಮುಳುಗಿತು. ಅದು ಬತ್ತುವ ಕೆಸರಿನಲ್ಲೂ ಬದುಕಿ ಉಳಿದ ವಂಶದ್ದು, ನೇರ ಗಾಳಿಯನ್ನೇ ಉಸಿರಾಡಬಲ್ಲದು. ಕಟ್ಲಾಗೆ ಕಿವಿರೊಂದೇ ಗತಿ. ಇಷ್ಟು ನೋಡಿದರೆ ಸಾಕು, ನೀರಲ್ಲಿ ಉಸಿರು ತೀರಿದೆ ಅಂತ ನನ್ನ ಹಿಂದಿನ ಬೆಂಚಿನ ಹುಡುಗನೂ ಹೇಳುತ್ತಿದ್ದ.

ತೀರಿದ್ದು ಹೇಗೆ? ಚರಂಡಿ ನೀರನ್ನು ಕೆರೆಗೆ ಬಿಟ್ಟಿದ್ದಾರೆ. ಅದರಲ್ಲಿನ ಸಾರಜನಕ, ರಂಜಕ ಪಾಚಿಗೆ ಪುಕ್ಕಟೆ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ನಿಜ. ರಾತ್ರಿ ಅದೂ ಉಸಿರಾಡಬೇಕು ಅಲ್ವಾ? ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಹೀರುತ್ತವೆ. ಎಲ್ಲ ಸೇರಿ ರಾತ್ರಿಯಿಡೀ ಹೀರಿ ಬೆಳಕು ಹರಿಯುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಬಿಸಿಲಿನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಆದರೆ ಬಿಸಿಲೊಂದೇ ಕೊಲ್ಲುವುದಾದರೆ ಮೀನು ಮಧ್ಯಾಹ್ನ ಸಾಯಬೇಕಿತ್ತು. ನಸುಕಿನಲ್ಲಿ ಯಾವ ಬಿಸಿಲು ಸ್ವಾಮಿ?

ಸೋಮವಾರ ಕಚೇರಿಗೆ ಹೋದೆ. ಮೀನು ಅಂದರೆ ಮೇಲಿನ ಮಹಡಿ ಅಂದರು. ಮೇಲೆ ಹೋದರೆ ನೀರು ನಮ್ಮದಲ್ಲ, ಇನ್ನೊಂದು ಕಟ್ಟಡ ಅಂದರು. ಅಲ್ಲಿ ಚರಂಡಿ ನಮ್ಮದಲ್ಲ ಅಂದರು. ಸೊಳ್ಳೆ ಬಗ್ಗೆ ಕೇಳಿದ್ದಕ್ಕೆ ನಾಲ್ಕನೇ ಕಚೇರಿ ತೋರಿಸಿದರು, ಅದಕ್ಕೆ ಬೀಗ. ಮಧ್ಯಾಹ್ನದ ಉರಿಯಲ್ಲಿ ಸ್ಕೂಟರಿನ ಸೀಟು ಹೆಂಚಾಗಿತ್ತು. ವಿಜ್ಞಾನಿಗಳನ್ನು ನೋಡಿ: 1830ರ ದಶಕದ ಕೊನೆಗೆ ಶ್ಲೈಡನ್ ಅಂತ ಗಿಡ ನೋಡುವವನೊಬ್ಬ, ಶ್ವಾನ್ ಅಂತ ಪ್ರಾಣಿ ನೋಡುವವನೊಬ್ಬ ಊಟಕ್ಕೆ ಕೂತು ಮಾತಾಡಿದರು. ಗಿಡಕ್ಕೂ ಪ್ರಾಣಿಗೂ ಜೀವಕೋಶವೇ ಇಟ್ಟಿಗೆ ಅನ್ನುವುದು ಆ ಮಾತಿನಿಂದ ಗಟ್ಟಿಯಾಯಿತು. ಒಂದು ಊಟ ಸಾಕಾಯಿತು. ನಮ್ಮಲ್ಲಿ ಮೇಲಿನ ಮಹಡಿಯವರು ಕೆಳಗಿನ ಮಹಡಿಯವರ ಜೊತೆ ಮಾತಾಡಬೇಕಾದರೆ ಸುತ್ತೋಲೆ ಬರಬೇಕು.

ತಮಾಷೆ ಏನು ಗೊತ್ತಾ, ಮೂರನೇ ಕಚೇರಿಯಲ್ಲಿ ಎದುರಿಗೆ ಕೂತವನು ನನ್ನ ಶಿಷ್ಯನೇ. ಎದ್ದು ನಿಂತು ಕೈ ಮುಗಿದ. ‘ಸರ್, ಇನ್ನೂ ನೆನಪೈತ್ರಿ, ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ, ಎರಡು ಅಂಕ’ ಅಂದ. ಬಾಯಿಪಾಠ ಬಂತು. ಮೀನು ಸತ್ತಿದ್ದು ಆ ಶಕ್ತಿಕೇಂದ್ರಕ್ಕೆ ಆಮ್ಲಜನಕ ಸಿಗದೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಶಕ್ತಿಕೇಂದ್ರ ಅಲ್ಲಿ ತಯಾರಿಸುವುದು ಎಟಿಪಿ ಅನ್ನುವ, ಶಕ್ತಿ ಹೊತ್ತ ಅಣು. ಅದು ಜೀವಿಗಳ ರೊಕ್ಕ ಇದ್ದ ಹಾಗೆ. ಪಾಚಿಯಲ್ಲಿ, ಮೀನಿನಲ್ಲಿ, ಬ್ಯಾಕ್ಟೀರಿಯಾದಲ್ಲಿ, ಕುರ್ಚಿಯಲ್ಲಿ ಕೂತ ಸಾಹೇಬರಲ್ಲಿ, ಎಲ್ಲ ಕಡೆ ಚಲಾವಣೆ ಆಗುವುದು ಅದೇ ರೊಕ್ಕ. ಕಚೇರಿಗಳಲ್ಲಿ ಇನ್ನೊಂದು ರೊಕ್ಕವೂ ಓಡಾಡುತ್ತದೆ, ಅದು ಬೇಡ ಬಿಡಿ.

ಶಕ್ತಿಕೇಂದ್ರ ಅಂದಕೂಡಲೇ ನೆನಪಾಯಿತು. ಪಕ್ಕದ ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟ್ ತಯಾರಾಗುತ್ತದೆ, ಬೂದಿ ನಮಗೆ, ಬೆಳಕು ಬೇರೆಯವರಿಗೆ. ಈ ವಾರ ದಿನಾ ಮೂರು ಗಂಟೆ ಕರೆಂಟ್ ಇಲ್ಲ. ಫ್ರಿಜ್‌ನಲ್ಲಿ ನನ್ನ ಇನ್ಸುಲಿನ್ ಇದೆ. ಅದು ಪ್ರೋಟೀನು, ಶೆಖೆಗೆ ಕೆಡುತ್ತದೆ. ಆ ಇನ್ಸುಲಿನ್ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ತೆಗೆದದ್ದು, 1982ರಿಂದ ಹೀಗೆ ಮಾರಾಟಕ್ಕೆ ಬರುತ್ತಿದೆ. ನಮ್ಮ ಜೀನನ್ನು ಬ್ಯಾಕ್ಟೀರಿಯಾ ಓದುವುದು ಹೇಗೆ? ಇಬ್ಬರದೂ ಒಂದೇ ಲಿಪಿ. ಆ ಲಿಪಿಯನ್ನು ಬಿಡಿಸಿದ್ದಕ್ಕೇ ನಮ್ಮ ಹರಗೋಬಿಂದ್ ಖೊರಾನಾ ಅವರಿಗೂ ಜೊತೆಯವರಿಗೂ 1968ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾಕ್ಕೆ ಮನುಷ್ಯನ ಬರಹ ಅರ್ಥವಾಗುತ್ತದೆ. ನಾನು ಮೂರು ಸಲ ಕೊಟ್ಟ ಅರ್ಜಿ ಮಾತ್ರ ನಮ್ಮ ಇಲಾಖೆಗಳಿಗೆ ಅರ್ಥವಾಗಿಲ್ಲ.

ಇನ್ನು ಸೊಳ್ಳೆ. ವರ್ಷಾ ವರ್ಷಾ ಅದೇ ಹೊಗೆ ಬಿಡುತ್ತಾರೆ. ಹೊಗೆಗೆ ಸಾಯುವವು ಸಾಯುತ್ತವೆ, ತಡೆದುಕೊಂಡವು ಮೊಟ್ಟೆ ಇಡುತ್ತವೆ, ಕೊನೆಗೆ ಉಳಿಯುವುದು ತಡೆದುಕೊಳ್ಳುವ ಸೊಳ್ಳೆಗಳೇ. ಡಾರ್ವಿನ್ 1859ರಲ್ಲೇ ಹೇಳಿದ ಮಾತು ಇದು. ನಮ್ಮ ಜಿಲ್ಲೆಯ ಹತ್ತಿ ರೈತರನ್ನು ಕೇಳಿ. 2002ರಲ್ಲಿ ಹುಳ ಕೊಲ್ಲುವ ಜೀನ್ ಹಾಕಿದ ಬಿಟಿ ಹತ್ತಿ ಬಂದಾಗ ಗುಲಾಬಿ ಕಾಯಿಕೊರಕ ಮುಗಿಯಿತು ಅಂದಿದ್ದರು. ಈಗ ಕಾಯಿ ಒಡೆದರೆ ಒಳಗೆ ಅದೇ ಹುಳ ಆರಾಮಾಗಿ ಕೂತಿರುತ್ತದೆ. ಡೆಂಗಿ ಸೊಳ್ಳೆ ಬೆಳೆಯುವುದು ಮನೆಯಲ್ಲಿ ತುಂಬಿಟ್ಟ ನೀರಲ್ಲಿ. ತುಂಬಿಡುವುದು ಯಾಕೆ? ನಲ್ಲಿ ಬರುವುದು ನಾಲ್ಕು ದಿನಕ್ಕೊಮ್ಮೆ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ನಾವು ಡ್ರಮ್ಮಿನ ಮುಂದೆ. 2022ರಲ್ಲಿ ಇದೇ ಊರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರಲ್ಲ, ಆಗಲೂ ‘ಆತಂಕ ಬೇಡ’ ಅಂತಲೇ ಹೇಳಿದ ನೆನಪು. ಏಮ್ಸ್ ಕೊಡಿ ಅಂತ ಊರು ಧರಣಿ ಕೂತಿದ್ದು ಬೇರೆ. ಅದನ್ನು ಬರೆಯಲು ಕೂತರೆ ನಿಮ್ಮ ಪತ್ರಿಕೆಯಲ್ಲಿ ಜಾಗ ಸಾಲುವುದಿಲ್ಲ.

ಚರಂಡಿ, ಪಾಚಿ, ಮೀನು, ಸೊಳ್ಳೆ, ನನ್ನ ಶುಗರ್ ಎಲ್ಲ ಒಂದೇ ಪಾಠ ಸ್ವಾಮಿ. ಇವರು ಅದನ್ನು ನಾಲ್ಕು ಕಚೇರಿಗೆ ಹರಿದು ಹಂಚಿದ್ದಾರೆ. ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಸಂಬಂಧಪಟ್ಟವರು ಯಾರು ಅಂತ ಮೊದಲು ತೀರ್ಮಾನಿಸಬೇಕು. ಸದ್ಯ ಸತ್ತ ಮೀನನ್ನಾದರೂ ಎತ್ತಿಸಿ. ಇಲ್ಲ, ಮೊದಲು ಚರಂಡಿ ತಿರುಗಿಸಿ. ಎರಡನ್ನೂ ಮಾಡಿ. ಆಗದಿದ್ದರೆ ‘ಬಿಸಿಲು’ ಅಂದ ಸಾಹೇಬರು ಒಂದು ರಾತ್ರಿ ನಮ್ಮ ಮನೆಗೆ ಬಂದು ಮಲಗಲಿ, ಕೂಲರ್ ನಾನೇ ಹಾಕುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ರಾಯಚೂರು