ಚರ್ಚ್‌ಗೇಟ್‌ಗೆ ಹೆಸರು ಕೊಟ್ಟ ಚರ್ಚ್

ಮಾನ್ಯ ಸಂಪಾದಕರೇ,

ಮುಂಬೈಯ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ದಿನಾ ಇಳಿದು ಹತ್ತುವ ನಮ್ಮ ಕನ್ನಡಿಗರಲ್ಲಿ ಆ ಚರ್ಚ್ ಯಾವುದೆಂದು ಗೊತ್ತಿರುವವರು ಕಡಿಮೆ. ಅದು ಹಾರ್ನಿಮನ್ ಸರ್ಕಲ್ ಪಕ್ಕದ ಸೇಂಟ್ ಥಾಮಸ್ ಕೆಥೆಡ್ರಲ್. 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಅದರ ಕಡೆಗಿದ್ದ ಕೋಟೆ ಬಾಗಿಲೇ ಚರ್ಚ್‌ಗೇಟ್. 1860ರ ದಶಕದಲ್ಲಿ ಕೋಟೆ ಗೋಡೆ ಕೆಡವಿದರು, ಹೆಸರು ಮಾತ್ರ ಉಳಿಯಿತು.

ಒಳಗೆ ಬರುವ ಪ್ರವಾಸಿಗರು ಬ್ರಿಟಿಷ್ ಅಧಿಕಾರಿಗಳ ಅಮೃತಶಿಲೆ ಸ್ಮಾರಕಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ನನಗೆ ಬೇಸರ ಇದಕ್ಕೇ. ಅದು ಮ್ಯೂಸಿಯಂ ಅಲ್ಲ, ಇವತ್ತಿಗೂ ಪ್ರಾರ್ಥನೆ ನಡೆಯುವ ಜಾಗ. ಭಾನುವಾರ ಸುತ್ತಲಿನ ಫೋರ್ಟ್ ಪ್ರದೇಶದ ಆಫೀಸುಗಳು ಮುಚ್ಚಿರುತ್ತವೆ, ಆದರೂ ಜನ ದೂರದಿಂದ ಲೋಕಲ್ ಹಿಡಿದು ಆರಾಧನೆಗೆ ಬರುತ್ತಾರೆ. ಹಳಿ ದುರಸ್ತಿಗೆಂದು ರೈಲು ಕಡಿತ ಮಾಡುವ ಮೆಗಾಬ್ಲಾಕ್ ಇದ್ದರೂ ಬರುತ್ತಾರೆ. ಮೊದಲು ತಪ್ಪೊಪ್ಪಿಗೆಯ ಪ್ರಾರ್ಥನೆ, ಆಮೇಲೆ ಬೈಬಲ್ ವಾಚನ, ಪ್ರಸಂಗ ಅಂದರೆ ಪ್ರವಚನ. ಪರಸ್ಪರ ಕೈಹಿಡಿದು ‘ಸಮಾಧಾನ’ ಹೇಳುತ್ತಾರೆ. ಕ್ರಿಸ್ತನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ ತಗೊಳ್ಳಲು ಸಾಹೇಬರೂ ಪ್ಯೂನೂ ಅಕ್ಕಪಕ್ಕ ಮಂಡಿಯೂರುತ್ತಾರೆ. ಕ್ರಿಸ್ತನ ಮೇಜಿನಲ್ಲಿ ದೊಡ್ಡವರು ಚಿಕ್ಕವರು ಇಲ್ಲ ಅನ್ನುವ ನಂಬಿಕೆ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಚರ್ಚ್ ಸಿಎನ್‌ಐಗೆ (ಚರ್ಚ್ ಆಫ್ ನಾರ್ತ್ ಇಂಡಿಯಾ) ಸೇರಿದ್ದು. ಬೇರೆ ಬೇರೆ ಪ್ರೊಟೆಸ್ಟೆಂಟ್ ಪಂಗಡಗಳು 1970ರಲ್ಲಿ ಒಂದಾಗಿ ಕಟ್ಟಿಕೊಂಡ ಸಭೆ, ಅಂದರೆ ಚರ್ಚ್ ಸಂಘಟನೆ ಅದು. ನಮ್ಮೂರ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) 1947ರಲ್ಲೇ ಹೀಗೆ ಹುಟ್ಟಿತ್ತು. ಹಾಗಾಗಿ ಮಂಗಳೂರು, ಉಡುಪಿಯಿಂದ ಬಂದವರಿಗೆ ಇಲ್ಲಿನ ಆರಾಧನೆ ಹೊಸದೆನಿಸುವುದಿಲ್ಲ.

ಡಿಸೆಂಬರ್ ಬಂದರೆ ಪತ್ರಿಕೆಗಳಲ್ಲಿ ದೀಪಾಲಂಕಾರ, ಕೇಕಿನ ಚಿತ್ರಗಳೇ ಜಾಸ್ತಿ. ಈ ಸಲ ದಯವಿಟ್ಟು ಇಂಥ ಸಭೆಗಳ ಜನರನ್ನೂ ಮಾತಾಡಿಸಿ ಬರೆಯಿರಿ. ನೋಡಲು ಹೋಗುವವರು ಆರಾಧನೆ ನಡೆಯುವಾಗ ಮೊಬೈಲ್ ಜೇಬಿನಲ್ಲಿಟ್ಟು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಲಿ.

– ಒಬ್ಬ ಓದುಗ, ಮುಲುಂಡ್, ಮುಂಬೈ