ಸಿಯೋಲ್ ಮಾರ್ಕೆಟ್‌ನ ಆ ಅಕ್ಕಂಗೆ ಥ್ಯಾಂಕ್ಸ್

ಗ್ವಾಂಗ್‌ಜಾಂಗ್ ಮಾರ್ಕೆಟಲ್ಲಿ ನಮ್ ಪಕ್ಕದ ಬೆಂಚಲ್ಲಿ ಕೂತಿದ್ದ ಅಕ್ಕಾ, ನಿಮ್ಗೆ ತುಂಬಾ ಥ್ಯಾಂಕ್ಸ್. ನಮ್ ಯಜಮಾನ್ರಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಬಾರ್ಲಿ ಒಂಚೂರೂ ಆಗಲ್ಲ, ಬಿಂದೆತೊಕ್ ನೋಡಿ ಹೆಸರುಬೇಳೆ ದೋಸೆ ಥರಾನೇ ಇದೆಯಲ್ಲಾ ಅಂತ ಕೈ ಹಾಕೋಷ್ಟರಲ್ಲಿ ನೀವು ತಡೆದು, ಅಂಗಡಿಯವ್ರನ್ನ ವಿಚಾರಿಸಿ, ಹಿಟ್ಟಿಗೆ ಮೈದಾನೂ ಹಾಕಿದಾರೆ ಅಂದ್ರಿ. ಅಷ್ಟಕ್ಕೇ ಬಿಡ್ಲಿಲ್ಲ, ಸೋಯಾ ಸಾಸಲ್ಲಿ ಸಾಮಾನ್ಯವಾಗಿ ಗೋಧಿ ಇರತ್ತೆ, ಗೊಚುಜಾಂಗ್ ಅನ್ನೋ ಮೆಣಸಿನಕಾಯಿ ಪೇಸ್ಟಲ್ಲೂ ಎಷ್ಟೋ ಸಲ ಗೋಧಿನೋ ಬಾರ್ಲಿನೋ ಇರತ್ತೆ, ಹೋಟ್ಲಲ್ಲಿ ನೀರಿನ ಬದ್ಲು ಕೊಡೋ ಕಂದು ಬಣ್ಣದ್ದು ಬಾರ್ಲಿ ಟೀ ಆಗಿರ್ಬೋದು ಅಂತೆಲ್ಲ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರ್ಸಿದ್ರಿ (ಆ ಟೀ ವಿಷ್ಯ ನಮ್ಗೆ ಯಾರೂ ಹೇಳಿರ್ಲಿಲ್ಲ ಕಣ್ರೀ). ಕೊರಿಯನ್ನಲ್ಲಿ ಚೀಟಿನೂ ಬರ್ಕೊಟ್ರಿ, ಮಸಾಲೆ ಹಚ್ಚದ ಮಾಂಸ, ಬರೀ ಉಪ್ಪು, ಬಿಳಿ ಅನ್ನ, ತವಾ ಬೇರೆ ಇರ್ಲಿ ಅಂತ. ಆಮೇಲೆ ಎಲ್ಲಾ ಕಡೆ ಅದನ್ನೇ ತೋರ್ಸಿದ್ವಿ, ಸಂಗ್ಯೊಪ್ಸಲ್ (ಸುಟ್ಟ ಹಂದಿ ಮಾಂಸ) ಅಂತೂ ಯಜಮಾನ್ರು ಹೊಟ್ಟೆ ಬಿರಿಯೋ ಹಾಗೆ ತಿಂದ್ರು.