ವಿಮಾನದ ಜೊತೆಗೇ ರೈಲಿನ ಟಿಕೆಟ್ಟೂ ಬೇಡ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಸೆಮಿಸ್ಟರಿಗೆಂದು ಜರ್ಮನಿಗೆ ಹೊರಟ ಮಕ್ಕಳಿಗೆ ಅಪ್ಪ-ಅಮ್ಮ ಇಲ್ಲಿಂದಲೇ ವಿಮಾನದ ಜೊತೆ ಫ್ರಾಂಕ್‌ಫರ್ಟ್‌ನಿಂದ ಮುಂದಿನ ರೈಲನ್ನೂ ಬುಕ್ ಮಾಡಿಬಿಡುವುದು ಈಗ ರೂಢಿ. ಆರಿಸುವುದು ಎಲ್ಲಕ್ಕಿಂತ ಅಗ್ಗದ ಟಿಕೆಟ್ಟನ್ನೇ. ಹಣ ಕೈಬಿಡುವುದೂ ಅಲ್ಲೇ.

ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಿಗೆ ಮುಖ್ಯವಾಗಿ ಮೂರು ದರ. ಸೂಪರ್ ಸ್ಪಾರ್‌ಪ್ರೈಸ್ ಅತಿ ಅಗ್ಗ. ಬುಕ್ ಮಾಡಿದ ರೈಲಿನಲ್ಲೇ ಹೋಗಬೇಕು, ರದ್ದು ಮಾಡಿದರೆ ಬಿಡಿಗಾಸೂ ಬಾರದು. ಸ್ಪಾರ್‌ಪ್ರೈಸ್‌ನಲ್ಲೂ ರೈಲು ಗೊತ್ತುಪಡಿಸಿದ್ದೇ. ಆದರೆ ಹಿಂದಿನ ದಿನದೊಳಗೆ ರದ್ದು ಮಾಡಿದರೆ 10 ಯೂರೊ ಹಿಡಿದುಕೊಂಡು ಉಳಿದದ್ದಕ್ಕೆ ವೋಚರ್ ಕೊಡುತ್ತಾರೆ. ಫ್ಲೆಕ್ಸ್‌ಪ್ರೈಸ್ ಇದ್ದರೆ ಆ ದಿನ ಆ ಮಾರ್ಗದ ಯಾವ ರೈಲನ್ನಾದರೂ ಹತ್ತಬಹುದು. ನಮ್ಮ ತತ್ಕಾಲ್‌ನಲ್ಲಿ ಹೆಚ್ಚು ದುಡ್ಡು ಕೊಟ್ಟೂ, ಕನ್ಫರ್ಮ್ ಆದದ್ದನ್ನು ರದ್ದು ಮಾಡಿದರೆ ಏನೂ ಬಾರದು. ಅಲ್ಲಿ ಆ ಶಿಕ್ಷೆ ಅಗ್ಗದ ಟಿಕೆಟ್ಟಿಗಷ್ಟೇ!

ಗಮನಿಸಬೇಕಾದ್ದು ತಡ ಯಾರದ್ದು ಎಂಬುದನ್ನು. ತಲುಪುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದು, ಅದು ರೈಲಿನಿಂದಲೇ ಆದದ್ದಾದರೆ, ಬುಕ್ ಮಾಡಿದ ರೈಲಿನಲ್ಲೇ ಹೋಗಬೇಕೆಂಬ ಅಗ್ಗದ ಟಿಕೆಟ್ಟಿನ ಕಟ್ಟೂ ಸಡಿಲವಾಗುತ್ತದೆ. ಬೇರೆ ರೈಲು ಹತ್ತಬಹುದು. 2024ರಲ್ಲಿ ಅಲ್ಲಿನ ದೂರದ ರೈಲುಗಳ ಸಮಯಪಾಲನೆ ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ. ಹಾಗಾಗಿ ಈ ಸಡಿಲಿಕೆ ಆಗಾಗ ಸಿಗುವಂಥದ್ದೇ. ಆದರೆ ತಡವಾದದ್ದು ವಿಮಾನವೋ, ಇಮಿಗ್ರೇಶನ್ ಸಾಲೋ, ಬೆಲ್ಟಿನ ಮೇಲೆ ಬಾರದ ಸೂಟ್‌ಕೇಸೋ ಆದರೆ ರೈಲಿನವರಿಗೆ ಸಂಬಂಧವಿಲ್ಲ. ಐಸಿಇ ಎಂಬ ವೇಗದ ರೈಲು ಸರಿಯಾದ ಹೊತ್ತಿಗೆ ಹೊರಟುಹೋಗಿರುತ್ತದೆ, ಹೊಸ ಟಿಕೆಟ್ ಕೊಳ್ಳಬೇಕು.

ಅದಕ್ಕೇ ಇಳಿದ ದಿನಕ್ಕೆ ಮೊದಲೇ ಬುಕ್ ಮಾಡದೆ, ಬ್ಯಾಗ್ ಕೈಗೆ ಬಂದ ಮೇಲೆ ನಿಲ್ದಾಣದ ಕಡೆ ನಡೆಯುತ್ತಾ ಮೊಬೈಲ್‌ನಲ್ಲಿ ಕೊಳ್ಳುವುದು ಲೇಸು. ಕೋಟಾ ಉಳಿದಿದ್ದರೆ ಸ್ಪಾರ್‌ಪ್ರೈಸ್ ಆಗಲೂ ಸಿಗುತ್ತದೆ. ಇಲ್ಲವೇ ಏರ್‌ಲೈನ್ ತನ್ನ ಟಿಕೆಟ್ಟಿನ ಜೊತೆ ಸೇರಿಸುವ ರೈಲು ಟಿಕೆಟ್ ‘ರೈಲ್ ಅಂಡ್ ಫ್ಲೈ’ ಕೊಡುತ್ತದೆಯೇ ಎಂದು ವಿಮಾನ ಬುಕ್ ಮಾಡುವಾಗಲೇ ನೋಡಿ, ಅದಕ್ಕೆ ಇಂಥದ್ದೇ ರೈಲು ಎಂಬ ಕಟ್ಟಿಲ್ಲ.

ಬೇರೆ ದಿನಗಳ ಲೆಕ್ಕವೇ ಬೇರೆ. ಉದಾಹರಣೆಗೆ, ಸೂಪರ್ 30 ಯೂರೊ, ಸ್ಪಾರ್ 37, ಫ್ಲೆಕ್ಸ್ 110 ಎಂದಿಟ್ಟುಕೊಳ್ಳಿ. ಮೂರು ಸಲ ಸೂಪರ್ ಕೊಂಡು ಎರಡನ್ನು ಎಸೆದರೂ ಫ್ಲೆಕ್ಸ್‌ಗಿಂತ 20 ಯೂರೊ ಉಳಿಯಿತು. ಸ್ಪಾರ್‌ಗೆ ಕೊಡುವ ಹೆಚ್ಚುವರಿ 7 ಯೂರೊ, ರದ್ದು ಮಾಡಿದಾಗ ಉಳಿಸಿಕೊಡುವುದು 27 ಯೂರೊಗಳನ್ನು, ಅದೂ ವೋಚರಿನಲ್ಲಿ. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಲ ಪ್ರಯಾಣ ರದ್ದಾಗುವ ಅಂದಾಜಿದ್ದರೆ ಮಾತ್ರ ಅದು ಗಿಟ್ಟುತ್ತದೆ. ಸಂದರ್ಶನವೋ ವೀಸಾ ಕಚೇರಿಯ ಕೆಲಸವೋ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ತಿಳಿಯದಿದ್ದಾಗ, ಹಿಂತಿರುಗುವ ದಾರಿಗಷ್ಟೇ ಫ್ಲೆಕ್ಸ್ ಸಾಕು.

ಎಡವುವ ಇನ್ನೊಂದು ಜಾಗ, ದೂರದ ರೈಲುಗಳಿಗೆ ನಡೆಯದ ತಿಂಗಳ ಪಾಸಾದ ಡಾಯ್ಚ್‌ಲಾಂಡ್‌ಟಿಕೆಟ್. ಸಣ್ಣ ಊರಿನಿಂದ ದೊಡ್ಡ ನಿಲ್ದಾಣದವರೆಗೆ ಅದರಲ್ಲೇ ಬಂದು, ಅಲ್ಲಿಂದ ಮಾತ್ರ ಐಸಿಇಗೆ ಅಗ್ಗದ ಟಿಕೆಟ್ ಕೊಂಡಿರುತ್ತಾರೆ. ಲೋಕಲ್ ರೈಲು ತಡವಾಗಿ ಐಸಿಇ ತಪ್ಪಿದರೆ ಎರಡೂ ಬೇರೆ ಬೇರೆ ಒಪ್ಪಂದಗಳಾದ್ದರಿಂದ 20 ನಿಮಿಷದ ನಿಯಮ ನೆರವಿಗೆ ಬಾರದು. ಹೊರಡುವ ಊರಿನಿಂದಲೇ ಒಂದೇ ಟಿಕೆಟ್ ಮಾಡಿಸಿ, ದರದಲ್ಲಿ ಹಲವು ಸಲ ಹೆಚ್ಚೇನೂ ಅಂತರವಿರದು. ಅಂದಹಾಗೆ ರೈಲಿನ ಕಟ್ಟಿರುವುದು ಐಸಿಇ, ಐಸಿಯಂಥ ದೂರದ ರೈಲುಗಳಿಗೆ ಮಾತ್ರ; ಅದೇ ಟಿಕೆಟ್ಟಿನ ಲೋಕಲ್ ಭಾಗಕ್ಕೆ ಇಲ್ಲ.

ಕಟ್ಟು ಸಡಿಲವಾದ ಸೂಚನೆ ಆ್ಯಪ್‌ನಲ್ಲಿ ಕಂಡಾಗ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೇ ಬೇರೆ ರೈಲು ಹತ್ತಿ. ಹಳೆಯ ರೈಲಿನ ಸೀಟ್ ರಿಸರ್ವೇಶನ್ ಹೊಸದಕ್ಕೆ ತಾನಾಗಿ ಬರುವುದಿಲ್ಲ. ತಲುಪುವುದು 60 ನಿಮಿಷ ತಡವಾದರೆ ದರದ ಶೇ 25, 120 ನಿಮಿಷವಾದರೆ ಶೇ 50 ಪರಿಹಾರವಾಗಿ ಬರುತ್ತದೆ. ಅಗ್ಗದ ಟಿಕೆಟ್ಟಿಗೂ ಇದು ಉಂಟು. 4 ಯೂರೊಗಿಂತ ಕಡಿಮೆಯಾದರೆ ಕೊಡುವುದಿಲ್ಲ, ಅರ್ಜಿ ಮೂರು ತಿಂಗಳೊಳಗೆ ಹಾಕಬೇಕು.

– ಓದುಗ, ಸ್ಟುಟ್‌ಗಾರ್ಟ್